ಲಗ್ನಕ್ಕೆ ಬರಬೇಡ ಅಂದ ಅಣ್ಣನಿಗೆ

ಇಳಕಲ್
ಸೋಮವಾರ ಮಧ್ಯಾಹ್ನ

ಅಣ್ಣ ಹೊಳಬಸಪ್ಪನಿಗೆ ತಂಗಿ ಬಸವೇಶ್ವರಿಯ ನಮಸ್ಕಾರ.

"ಇತ್ತ ಎಲ್ಲರೂ ಕ್ಷೇಮ" ಅಂತ ಪತ್ರ ಶುರು ಮಾಡುವುದನ್ನು ನನಗೆ ಕಲಿಸಿದವನು ನೀನು. ಈ ಸಲ ಆ ಸಾಲು ಬರೆಯುವುದಿಲ್ಲ. ಕಳೆದ ವರ್ಷ ನಾನು ಕ್ಷೇಮವಾಗಿರಲಿಲ್ಲ. ಈಗ ಬಹುಮಟ್ಟಿಗೆ ಇದ್ದೇನೆ. ಅದು ಹೇಗಾಯಿತು ಅಂತ ನೀನು ಒಮ್ಮೆಯೂ ಕೇಳಲಿಲ್ಲ. ಎರಡು ತಿಂಗಳಿಂದ ನನ್ನ ಫೋನ್ ಎತ್ತುತ್ತಿಲ್ಲ. ಹೋದ ವಾರ ನೀನು ಮೊಮ್ಮಗಳ ಲಗ್ನದ ಮಾತನ್ನು ನಿನ್ನ ಹೆಂಡತಿ, ನಮ್ಮ ವೈನಿಯ ಕೈಲಿ ಹೇಳಿಸಿದೆ: "ಗೀತಾಂಜಲಿ ಲಗ್ನಕ್ಕ ಬಸವೇಶ್ವರಿ ಬರೂದು ಬ್ಯಾಡ. ಎಲ್ಲಾ ಮುಗದ ಮ್ಯಾಲ ನಿಧಾನಕ್ಕ ಬಂದು ಹೋಗ್ಲಿ." ಹೇಳುವಾಗ ವೈನಿ ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ಒಳಗೊಳಗೆ ಸಮಾಧಾನವೂ ಆಯಿತು, ಯಾಕೆಂದರೆ ಹೋದ ವರ್ಷ ಈ ಹೊತ್ತಿಗೆ ನನಗೆ ಸಿಟ್ಟು ಕೂಡ ಬರುತ್ತಿರಲಿಲ್ಲ.

ಫೋನಿನಲ್ಲಿ ಹೇಳಲು ಬಿಡದ್ದನ್ನು ಈಗ ಬರೆದು ಹೇಳುತ್ತೇನೆ. ಓದು.

ನಾನು ಏನಾಗಿದ್ದೆ ಅಂತ ನಿನಗೆ ಗೊತ್ತಿದೆ. ಮೂವತ್ನಾಲ್ಕು ವರ್ಷ ಹುನಗುಂದ ತಾಲೂಕಿನ ಹಳ್ಳಿಗಳಲ್ಲಿ ನರ್ಸಬಾಯಿ ಆಗಿ ತಿರುಗಿದವಳು. ಕೂಸುಗಳಿಗೆ ಲಸಿಕೆ ಹಾಕಿದೆ, ಬಾಣಂತಿಯರನ್ನು ನೋಡಿದೆ, ದವಾಖಾನೆಗೆ ಬರಲು ಒಲ್ಲೆ ಅನ್ನುವವರನ್ನು ಬೈದು ಕರೆದುಕೊಂಡು ಹೋದೆ. ನಿವೃತ್ತಿ ಆದ ಮೊದಲ ವರ್ಷ ಚೆನ್ನಾಗಿಯೇ ಇತ್ತು. ಎರಡನೇ ವರ್ಷದ ಶ್ರಾವಣದಲ್ಲಿ ಏನೋ ಕೆಡಲು ಶುರುವಾಯಿತು. ಇಂಥ ದಿನ, ಇಂಥ ಕಾರಣಕ್ಕೆ ಅಂತ ತೋರಿಸಲು ನನ್ನಲ್ಲಿ ಏನೂ ಇಲ್ಲ. ಯಾರೂ ಸತ್ತಿರಲಿಲ್ಲ, ಯಾರೂ ಜಗಳ ಮಾಡಿರಲಿಲ್ಲ. ಒಂದು ದಿನ ಹಂಚು ಕಾದಿತ್ತು, ಹಿಟ್ಟು ನಾದಿಟ್ಟಿದ್ದೆ. ಮುಂದೆ ಏನು ಮಾಡಬೇಕು ಅನ್ನುವುದು ಹೊಳೆಯಲೇ ಇಲ್ಲ. ನಲವತ್ತು ವರ್ಷ ರೊಟ್ಟಿ ಬಡಿದ ಕೈಯನ್ನು ನೋಡುತ್ತ ಕೂತೆ. ಹಂಚಿನಿಂದ ಹೊಗೆ ಎದ್ದ ಮೇಲೆ ಮನೆಯವರು ಬಂದು ಒಲೆ ಆರಿಸಿದರು.

ಆಮೇಲೆ ಮೈ ನೋವು, ಎದೆಯ ಮೇಲೆ ಭಾರ, ಬೆಳಕು ಹರಿಯುವ ಮುಂಚೆಯೇ ಎಚ್ಚರ. ಮೂವರು ಡಾಕ್ಟರರು ನೋಡಿದರು. ಮೊಣಕಾಲಿಗೆ ಒಬ್ಬರು, ಹೊಟ್ಟೆಗೆ ಒಬ್ಬರು, ಶಕ್ತಿಗೆ ಒಬ್ಬರು ಗುಳಿಗೆ ಕೊಟ್ಟರು. ಮಗನಿಗೆ ಎರಡನೆಯ ಕೂಸು ಹುಟ್ಟಿತು. ತೊಟ್ಟಿಲ ಮುಂದೆ ನಿಂತು, ಎಲ್ಲರೂ ನಗುತ್ತಿದ್ದಾರೆ ಅಂತ ನಾನೂ ಬಾಯಿ ಅಗಲಿಸಿದೆ. ನೀನು ಬಂದು ನೋಡಿ ಹೇಳಿದ್ದು ನೆನಪಿದೆಯಾ? "ನಿನಗೇನ ಕಡಿಮಿ ಆಗೈತಿ? ಪಿಂಚಣಿ ಬರತೈತಿ, ಗಂಡ ಒಳ್ಳ್ಯಾವ ಅದಾನ. ಹೊತ್ತ ಹೋಗವಲ್ದು ನಿನಗ, ಅದಕ್ಕ ಹಿಂಗ. ಕೂಡಲಸಂಗಮಕ್ಕ ಹೋಗಿ ಬಾ." ಹೋಗಿ ಬಂದೆ, ಅಣ್ಣಾ. ಹೊಳೆ ನೋಡಿದೆ, ಗುಡಿ ನೋಡಿದೆ, ದಾಸೋಹದಲ್ಲಿ ಕೂತು ಉಂಡೆ. ಬಾಯಿಗೆ ರುಚಿ ಗೊತ್ತಾಗಲಿಲ್ಲ. ದೇವರ ಮುಂದೆ ನಿಂತರೂ ಮನಸ್ಸು ಅಲ್ಲಾಡಲಿಲ್ಲವಲ್ಲ, ನನ್ನಂಥ ಪಾಪಿ ಬೇರೆ ಯಾರೂ ಇಲ್ಲ ಅಂದುಕೊಂಡು ಇನ್ನೂ ಕುಗ್ಗಿ ಮನೆಗೆ ಬಂದೆ.

ನನ್ನನ್ನು ಹಿಡಿದು ನಿಲ್ಲಿಸಿದವಳು ಭಾಗ್ಯಜ್ಯೋತಿ. ನಿನಗೆ ಅವಳ ಗುರುತಿಲ್ಲ. ನಮ್ಮ ಓಣಿಗೆ ಬರುವ ಆಶಾ ಕಾರ್ಯಕರ್ತೆ. ಹದಿನೈದು ವರ್ಷದ ಹಿಂದೆ ಅವಳಿಗೆ ಬಿ.ಪಿ. ನೋಡುವುದನ್ನು, ಫಾರ್ಮ್ ತುಂಬುವುದನ್ನು ಕಲಿಸಿದವಳು ನಾನು. ಅರವತ್ತು ದಾಟಿದವರ ಆರೋಗ್ಯ ತಪಾಸಣೆ ಅಂತ ಮಾಘ ಮಾಸದಲ್ಲಿ ಮನೆಗೆ ಬಂದಳು. ಬಿ.ಪಿ. ನೋಡಿದಳು, ಸಕ್ಕರೆ ನೋಡಿದಳು, ಆಮೇಲೆ ಹಾಳೆ ತಿರುವಿ ನಾಚಿಕೊಂಡು ಹೇಳಿದಳು: "ಅಕ್ಕಾರ, ಈ ಮನಸ್ಸಿನ ಪ್ರಶ್ನಿ ನಿಮಗ ಗೊತ್ತಿರೋವ. ನೀವ ಕಲಿಸಿದ್ರಿ. ಸುಮ್ನ ಇಲ್ಲ ಇಲ್ಲ ಅಂತ ಬರಕೊಂಡು ಹೋಗ್ತೇನಿ."

ನಾನು ಯಾಕೆ ಹಾಗಂದೆ ಗೊತ್ತಿಲ್ಲ. "ಕೇಳು," ಅಂದೆ.

"ಎರಡು ವಾರದಿಂದ ಯಾವುದರಾಗೂ ಮನಸ್ಸಿಲ್ಲ ಅನ್ನಸತೈತೇನ್ರಿ?"

"ಹೌದು. ಎರಡ ವಾರ ಅಲ್ಲ, ಆರು ತಿಂಗಳು."

"ನಿದ್ದಿ? ಊಟ?"

"ಎರಡೂ ಇಲ್ಲ."

ಅವಳ ಪೆನ್ನು ನಿಂತಿತು. ಕೊನೆಯ ಪ್ರಶ್ನೆಯನ್ನು ಬಹಳ ಸಣ್ಣ ದನಿಯಲ್ಲಿ ಕೇಳಿದಳು. "ಬದುಕೂದ ಬ್ಯಾಡ ಅಂತ ಅನ್ನಿಸೇತೇನ್ರಿ ಅಕ್ಕಾರ?"

ಈ ಪ್ರಶ್ನೆಯನ್ನು ನಾನು ಎಷ್ಟು ಹೆಂಗಸರಿಗೆ ಕೇಳಿದ್ದೇನೋ. ಆ ಹೆಂಗಸರು ನೆಲ ನೋಡುತ್ತಿದ್ದದ್ದು ಯಾಕೆ ಅಂತ ಅವತ್ತು ತಿಳಿಯಿತು. ನಾನೂ ನೆಲ ನೋಡಿಕೊಂಡೇ ಹೌದು ಅಂದೆ. ಭಾಗ್ಯಜ್ಯೋತಿ ಫಾರ್ಮ್ ಪಕ್ಕಕ್ಕಿಟ್ಟು ನನ್ನ ಕೈ ಹಿಡಿದುಕೊಂಡಳು. ಸಮಾಧಾನದ ಮಾತು ಒಂದನ್ನೂ ಹೇಳಲಿಲ್ಲ. "ಇವತ್ತ ಹೋಗೂಣು. ನಾಳೆ ಅನ್ನಬ್ಯಾಡ್ರಿ. ಹಿಂಗ ಅಂದವ್ರನ್ನ ಒಂಟಿ ಬಿಡಬಾರದು ಅಂತ ನೀವ ಹೇಳೀರಿ," ಅಂದಳು.

ಇಬ್ಬರೂ ನಮ್ಮವರ ಗಿರಣಿಗೆ ಹೋದೆವು. ನಾಗಲಿಂಗಪ್ಪನವರು ನಿನಗೆ ಗೊತ್ತಲ್ಲ, ಗಿರಣಿಯ ಸಪ್ಪಳದಲ್ಲಿ ವರ್ಷಗಟ್ಟಲೆ ನಿಂತು ಸಣ್ಣಗೆ ಮಾತಾಡುವುದನ್ನೇ ಮರೆತವರು. ಜೋಳದ ಡಬ್ಬಿ ಇಟ್ಟುಕೊಂಡು ಏಳೆಂಟು ಹೆಂಗಸರು ಪಾಳಿಗೆ ಕೂತಿದ್ದರು. ಭಾಗ್ಯಜ್ಯೋತಿ ನಮ್ಮವರ ಕಿವಿಯಲ್ಲಿ ವಿಷಯ ಹೇಳಿದಳು. ಅವರು ನನ್ನ ಮುಖ ನೋಡಿದರು. ಹಿಟ್ಟು ಮೆತ್ತಿದ ಹುಬ್ಬು ಹಾಗೇ ಮೇಲಕ್ಕೆ ಹೋಯಿತು. ಗಿರಣಿ ಬಂದ್ ಮಾಡಿದರು.

"ಇವತ್ತ ಗಿರಣಿ ಇಲ್ರಿ," ಅಂದರು ತಮ್ಮ ದೊಡ್ಡ ದನಿಯಲ್ಲಿ.

"ಯಾಕ್ರಿ? ಕರೆಂಟ್ ಐತೆಲ್ರಿ," ಅಂದಳು ಒಬ್ಬಳು.

"ನಮ್ಮನಿಯಾಕಿಗೆ ಮನಸ್ಸಿಗೆ ಆರಾಮಿಲ್ಲ. ಬಾಗಲಕೋಟಿ ದವಾಖಾನಿಗೆ ಹೊಂಟೇವಿ."

ಹಲ್ಲು ನೋವು ಅಂದಷ್ಟೇ ಸರಳವಾಗಿ ಅಂದರು. ಮುಚ್ಚಿಡಬೇಕಾದ ವಿಷಯ ಅಂತ ಅವರಿಗೆ ಹೊಳೆಯಲೇ ಇಲ್ಲ. ನನಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಆದರೆ ಆ ಹೆಂಗಸರಲ್ಲಿ ಒಬ್ಬಳು ಎದ್ದು ತನ್ನ ನೀರಿನ ಬಾಟಲಿ ನನ್ನ ಚೀಲದಲ್ಲಿ ಇಟ್ಟಳು. "ಬಸ್ಸಿನ್ಯಾಗ ಸೆಕಿ ಭಾಳ ಇರತೈತ್ರಿ," ಅಂದಳು. ಅಷ್ಟೇ. ಮೂರೇ ದಿನದಲ್ಲಿ ಸುದ್ದಿ ಹುನಗುಂದ ದಾಟಿ ಬಾದಾಮಿಯ ನಿನ್ನ ಪಡಸಾಲೆಗೆ ಬಂತು. ನೀನು ಫೋನ್ ಮಾಡಿ ಮೊದಲು ಕೇಳಿದ್ದು, "ನಾಗಲಿಂಗಪ್ಪಗ ಬುದ್ಧಿ ಎಲ್ಲಿ ಹೋಗಿತ್ತು?"

ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ ಡಾಕ್ಟರು ನನ್ನ ಮಗನಿಗಿಂತ ಸಣ್ಣವರು. ಎಲ್ಲಾ ಕೇಳಿಕೊಂಡ ಮೇಲೆ, "ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗಾಗಿತ್ತಾ, ಅಮ್ಮಾ?" ಅಂದರು. ಇಲ್ಲ ಅನ್ನಲು ಬಾಯಿ ತೆರೆದೆ. ಐವತ್ತು ವರ್ಷ ಹಾಗೇ ಹೇಳಿಕೊಂಡು ಬಂದಿದ್ದೇವಲ್ಲ. ಆದರೆ ಬಾಯಿಂದ ಬಂದದ್ದು ಅವ್ವನ ಹೆಸರು. "ಶಾರವ್ವ. ನಮ್ಮವ್ವ. ಆಕಿಗೂ ಹಿಂಗ ಆಗಿತ್ತ್ರಿ."

ಹೇಳಿದೆ, ಅಣ್ಣಾ. ಎಲ್ಲಾ ಹೇಳಿದೆ. ಬಾದಾಮಿ ಮನೆಯ ಒಳಕೋಣೆಯಲ್ಲಿ ಅವ್ವ ಎರಡು ವರ್ಷ ಗೋಡೆಗೆ ಮುಖ ಮಾಡಿ ಕೂತದ್ದು. ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿದ್ದು. ನೆಂಟರು ಬಂದಾಗ ನೀನು ಹೊರಗಿನಿಂದ ಚಿಲಕ ಹಾಕಿ, "ಅವ್ವ ತವರಮನಿಗೆ ಹೋಗ್ಯಾಳ್ರಿ" ಅಂತ ಹೇಳುತ್ತಿದ್ದದ್ದು. ಅವರು ಹೋದ ಮೇಲೆ ನಾನು ತಾಟು ಒಳಗೆ ಇಟ್ಟರೆ ಅವ್ವ ನನ್ನ ಜಡೆಯ ತುದಿಯನ್ನು ಬೆರಳಿನಲ್ಲಿ ಹಿಡಿದುಕೊಂಡು ಕೂತಿರುತ್ತಿದ್ದದ್ದು. ಎರಡನೇ ಚಳಿಗಾಲದಲ್ಲಿ ಊಟ ಬಿಟ್ಟು ತೀರಿಹೋದಳು. ಜ್ವರ ಅಂತ ಊರಿಗೆ ಹೇಳಿದೆವು. ಆಗ ನನಗೆ ಹನ್ನೆರಡು, ನಿನಗೆ ಇಪ್ಪತ್ತು. ನೀನು ಕೆಟ್ಟವನಾಗಿ ಹಾಗೆ ಮಾಡಲಿಲ್ಲ, ಹೆದರಿ ಮಾಡಿದೆ. ನನಗೂ ಮದುವೆ ಆಗಬೇಕಿತ್ತು, ನಿನಗೂ ಆಗಬೇಕಿತ್ತು. ಅದಕ್ಕೆ ನಾನು ನಿನ್ನನ್ನು ಯಾವತ್ತೂ ಬೈದಿಲ್ಲ. ಆದರೆ ಈಗ ನಿನಗೆ ಎಪ್ಪತ್ತೊಂದು. ಈಗಲೂ ಹೆದರುತ್ತೀಯ ಅಂದರೆ ನಾನು ಸುಮ್ಮನೆ ಕೂಡುವುದಿಲ್ಲ. ಅವ್ವನಿಗೆ ಇದ್ದದ್ದು ಒಂದು ಕಾಯಿಲೆ, ಅದಕ್ಕೆ ಔಷಧ ಇದೆ. ಆ ಡಾಕ್ಟರು ಇದನ್ನು ಹೇಳಿದಾಗ ನಾನು ಅತ್ತದ್ದು ನನಗಾಗಿ ಅಲ್ಲ.

ಗುಳಿಗೆ ಮೊದಲ ವಾರ ಹೊಟ್ಟೆ ತೊಳಸಿತು. ಮೂರು ವಾರ ಏನೂ ಆಗಲಿಲ್ಲ. ಬಿಟ್ಟುಬಿಡುತ್ತೇನೆ ಅಂದಾಗ ಭಾಗ್ಯಜ್ಯೋತಿ ದಿನಾ ಬಂದು ಎದುರಿಗೆ ಕೂತು ನುಂಗಿಸಿದಳು. ಹದಿನೈದು ದಿನಕ್ಕೊಮ್ಮೆ ಆಸ್ಪತ್ರೆಯಲ್ಲಿ ಒಬ್ಬ ಹೆಣ್ಣುಮಗಳು ನನ್ನನ್ನು ಮಾತಾಡಿಸುತ್ತಿದ್ದಳು. ದಿನಕ್ಕೆ ಒಂದೇ ಕೆಲಸ ಹಚ್ಚುತ್ತಿದ್ದಳು, ಇವತ್ತು ಅಂಗಳ ಗುಡಿಸುವುದು, ನಾಳೆ ಗಿರಣಿಯ ತನಕ ನಡೆಯುವುದು. ಆರನೇ ವಾರ ಒಂದು ಮಧ್ಯಾಹ್ನ ಪುಂಡಿಪಲ್ಯದ ಜೊತೆ ಒಂದು ರೊಟ್ಟಿ ಉಂಡು, "ಇನ್ನೊಂದು ಹಾಕ್ರಿ" ಅಂದೆ. ನಮ್ಮವರು ರೊಟ್ಟಿ ಹಾಕಿ, ಅಂಗಳಕ್ಕೆ ಹೋಗಿ, ಎಷ್ಟೋ ಹೊತ್ತು ನನಗೆ ಬೆನ್ನು ಮಾಡಿ ನಿಂತಿದ್ದರು.

ಪೂರ್ತಿ ಗುಣ ಆಯಿತು ಅಂತ ನಿನಗೆ ಸುಳ್ಳು ಬರೆಯುವುದಿಲ್ಲ. ಹೋದ ವಾರವೂ ಎರಡು ದಿನ ಹಾಸಿಗೆ ಬಿಟ್ಟು ಏಳಲು ಆಗಲಿಲ್ಲ. ಮೂರನೇ ದಿನ ಎದ್ದೆ.

ಇನ್ನು ಗೀತಾಂಜಲಿಯ ಲಗ್ನ ನಿಶ್ಚಯದ ಮಾತು. ಹಿಂದಿನ ದಿನ ನೀನು ಫೋನ್ ಮಾಡಿ ಹೇಳಿಕೊಟ್ಟೆ: "ಯಾರರ ಕೇಳಿದ್ರ ಸಕ್ಕರಿ ಕಾಯಿಲೆ ಅನ್ನು. ಹುಡುಗೀ ಬಾಳೇದ ಪ್ರಶ್ನೆ." ಬಾದಾಮಿಗೆ ಬರುವಾಗ ಬಸ್ಸಿನುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡಿದೆ. ನಿಜ ಹೇಳಬೇಕು ಅಂತ ಗಟ್ಟಿ ಮಾಡಿಕೊಂಡು ಬಂದವಳಲ್ಲ ನಾನು. ಆದರೆ ಗಂಡಿನ ಅಜ್ಜಿ ನೀಲಾಬಾಯಿ ಪಕ್ಕದಲ್ಲಿ ಕೂತು, "ತಿಂಗಳಾ ನವನಗರದ ದವಾಖಾನಿಗೆ ಬರತೀರಂತ, ಏನ್ ತ್ರಾಸರಿ?" ಅಂತ ಕೇಳಿದಾಗ ಕಣ್ಣೆತ್ತಿದೆ. ಎದುರಿಗೆ ಅದೇ ಒಳಕೋಣೆಯ ಬಾಗಿಲು. ಸಕ್ಕರೆ ಅನ್ನಲು ನಾಲಿಗೆ ಏಳಲಿಲ್ಲ. "ಮನಸ್ಸಿನ ಕಾಯಿಲೆ ಆಗಿತ್ತ್ರಿ. ಖಿನ್ನತೆ ಅಂತಾರಲ್ಲ, ಅದು. ಗುಳಿಗಿ ತಗೋತೇನಿ, ಈಗ ಚಲೋ ಅದೇನಿ," ಅಂದೆ.

ಅವರು ಹದಿನೈದು ದಿನ ವಿಚಾರ ಮಾಡಿದರು. ಆಮೇಲೆ, ಸಂಬಂಧ ಆಗಲಿ, ಆದರೆ ಆಯಮ್ಮ ಅಕ್ಷತೆಯಲ್ಲಿ ಎದುರಿಗೆ ಇರುವುದು ಬೇಡ ಅಂದರು. ಅವರು ಹಾಗಂದದ್ದು ನನಗೆ ಅಷ್ಟು ನೋಯಲಿಲ್ಲ, ಅವರಿಗೆ ನಾನು ಯಾರು? ನೀನು "ಆಗಲಿ" ಅಂದೆಯಲ್ಲ, ಅದು ನೋಯಿತು.

ನಿನ್ನೆ ಏನಾಯಿತು ಗೊತ್ತಾ? ನಿನಗೆ ಗೊತ್ತಿರಲಿಕ್ಕಿಲ್ಲ, ಗೀತಾಂಜಲಿ ಬನಶಂಕರಿ ಗುಡಿಗೆ ಹೋಗುತ್ತೇನೆ ಅಂತ ಮನೆಯಲ್ಲಿ ಹೇಳಿ ಬಂದಿದ್ದಳಂತೆ. ಇಳಕಲ್ಲಿನ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ನಿನ್ನ ಸೊಸೆಯ ತವರೂರು ನನ್ನ ಉಪಕೇಂದ್ರದ ಹಳ್ಳಿಯೇ ಆಗಿದ್ದರಿಂದ, ಈ ಹುಡುಗಿ ಹುಟ್ಟಿದಾಗ ಹಿಡಿದ ಕೈ ನನ್ನದೇ. ಲಗ್ನಪತ್ರಿಕೆಗೆ ಅರಿಷಿಣ ಕುಂಕುಮ ಹಚ್ಚಿ ತಂದಿದ್ದಳು. "ಆಯಿ, ಯಾರ ಕರದ್ರೂ ಬಿಟ್ರೂ ನಾ ಕರೀಲಿಕ್ಕೆ ಬಂದೇನಿ," ಅಂದಳು. ಗಂಡು ದೀಪಕನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. ಅವನು, "ಬರ್ರಿ ಆಯಿ. ಮನ್ಯಾಗ ಹಂಗ ಅಂದಿದ್ದು ನನಗ ನಿನ್ನೆ ತಿಳೀತು. ನಾ ಹೇಳ್ತೇನಿ ಅವರಿಗೆ," ಅಂದ. ಹೇಳಿದನೋ ಇಲ್ಲವೋ, ಅದು ಅವನಿಗೆ ಬಿಟ್ಟದ್ದು.

ಹೊರಡುವ ಮುಂಚೆ ಹುಡುಗಿ ಹೊಸ್ತಿಲಲ್ಲಿ ನಿಂತು ಒಂದು ಮಾತು ಕೇಳಿದಳು. ಅದನ್ನು ಕೇಳಲೆಂದೇ ಬಂದಿದ್ದಳೇನೋ. "ಆಯಿ, ಇದು ನನಗೂ ಬರಬಹುದೇನು?"

ಅವಳಿಗೆ ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. "ಬರಬಹುದು, ಬರದನೂ ಇರಬಹುದು. ಬಂತಂದ್ರ ಮುಚ್ಚಿಡಬ್ಯಾಡ. ನನಗ ಒಂದ ಫೋನ್ ಮಾಡು, ನಾ ಇಲ್ಲಂದ್ರ ಸೀದಾ ದವಾಖಾನಿಗೆ ಹೋಗು," ಅಂದೆ. ಅವಳು ತಲೆ ಆಡಿಸಿದಳು. ಮುಖ ಸ್ವಲ್ಪ ಹಗುರಾಯಿತು.

ಆ ಹುಡುಗಿಯ ಸಲುವಾಗಿ ನಾನು ಬರಲೇಬೇಕು, ಅಣ್ಣಾ. ಮನಸ್ಸಿಗೆ ಕಾಯಿಲೆ ಬಂದವರೂ ಒಳ್ಳೆಯ ಸೀರೆ ಉಟ್ಟು, ಹೊಟ್ಟೆ ತುಂಬ ಉಂಡು, ನಾಲ್ಕು ಜನರ ನಡುವೆ ಕೂತು ಮಾತಾಡುತ್ತಾರೆ ಅನ್ನುವುದನ್ನು ಅವಳು ತನ್ನ ಲಗ್ನದ ದಿನ ಕಣ್ಣಾರೆ ನೋಡಬೇಕು. ಬಾಗಿಲಲ್ಲಿ ಯಾರಾದರೂ ತಡೆದರೆ ನಾನು ಜಗಳ ಮಾಡುವುದಿಲ್ಲ. ಅಲ್ಲೇ ಕುರ್ಚಿ ಹಾಕಿಕೊಂಡು ಕೂಡುತ್ತೇನೆ, ಬಂದವರಿಗೆಲ್ಲ ನಮಸ್ಕಾರ ಮಾಡುತ್ತೇನೆ. ಕೇಳಿದವರಿಗೆ ಕೇಳಿದ್ದು ಹೇಳುತ್ತೇನೆ. ಒಳಗೆ ಕರೆಯುವುದು ನಿನ್ನ ಇಷ್ಟ.

ಗುರುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇವೆ. ಅವತ್ತು ಗಿರಣಿ ಬಂದ್ ಅಂತ ಮನೆಯವರು ಈಗಾಗಲೇ ಓಣಿಗೆಲ್ಲ ಸಾರಿದ್ದಾರೆ.

ವೈನಿಗೆ ನನ್ನ ನಮಸ್ಕಾರ. ಗೀತಾಂಜಲಿಯ ಬಾಳು ತಂಪಾಗಿರಲಿ. ನೀನು ನನ್ನ ತಂದೆಯ ಜಾಗದಲ್ಲಿ ಇರುವವನು, ನಿನ್ನ ಆಶೀರ್ವಾದ ನನಗೆ ಬೇಕು. ಕೊಡಲಿಲ್ಲ ಅಂದರೂ ಬರುತ್ತೇನೆ.

ನಿನ್ನ ತಂಗಿ,
ಬಸವೇಶ್ವರಿ