ಎರಡನೆಯ ಬ್ರೇಕು

ಹದಿನಾಲ್ಕನೇ ತಾರೀಕು, ಸೋಮವಾರ
ಬೆಳಿಗ್ಗೆ ಹತ್ತೂವರೆ

ನನ್ನ ಮುಂಗೋಪಿ ಮಗಳಿಗೆ,

ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಎರಡು ಪುಟ ಬಿಸಿಲಿನ ಬಗ್ಗೆ ಬರೆದು ಲಕೋಟೆ ಅಂಟಿಸುವವಳು ನಾನು. ಅದು ಮತ್ತೆ ಬಂದಿದೆ. ಮೂರು ವರ್ಷದ ಹಿಂದೆ ಎದೆಯಲ್ಲಿದ್ದದ್ದು ಈಗ ಪಕ್ಕೆಲುಬಿನ ಹತ್ತಿರ ಕಾಣಿಸಿಕೊಂಡಿದೆ. ಗುರುವಾರ ಬೆಳಿಗ್ಗೆ ಎಂಟಕ್ಕೆ ಮತ್ತೆ ಕೀಮೋ ಶುರು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಹೇಗಿದೀಯಾ ಅಂದ ಕೂಡಲೇ ನನ್ನ ಬಾಯಿ ತಾನಾಗಿ ಚೆನ್ನಾಗಿದೀನಿ ಅಂದುಬಿಡುತ್ತದೆ. ಅದಕ್ಕೇ ಈ ಕಾಗದ.

ಹೋದ ಸಲ ನಿನ್ನದು ಕೊನೆಯ ವರ್ಷದ ಪರೀಕ್ಷೆ. ಡ್ರೈವಿಂಗ್ ಟೀಚರುಗಳಿಗೆ ತರಬೇತಿ ಇದೆ, ಪರವೂರಿಗೆ ಹೋಗಿದ್ದೇನೆ ಎಂದು ನಾಲ್ಕು ತಿಂಗಳು ನಿನಗೆ ಬುರುಡೆ ಬಿಟ್ಟೆ. ಫೋನಿನ ಕ್ಯಾಮೆರಾ ಕೆಟ್ಟಿದೆ ಎಂದೆ. ಒಂದು ವರ್ಷ ಕಳೆದ ಮೇಲೆ ನೀನು ಬೀರುವಿನಲ್ಲಿ ಹೊದಿಕೆ ಹುಡುಕುವಾಗ ವಿಗ್ಗು ಕೈಗೆ ಸಿಕ್ಕಿತು. ಅದನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತೆಯಲ್ಲ, ಆವತ್ತು ನೀನು ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಅಂದಿನಿಂದ ನಮ್ಮ ಫೋನೆಂದರೆ ಊಟ ಆಯ್ತಾ, ಆಯ್ತು, ಇಡ್ಲಾ, ಇಡು. ಅಷ್ಟೇ.

ಒಲೆ ಆರಿಸಿದೆನೋ ಇಲ್ಲವೋ ಎಂದು ಎದ್ದುಹೋಗಿ ನೋಡಿ ಬಂದೆ. ಹಚ್ಚಿಯೇ ಇರಲಿಲ್ಲ.

ವಾರದಿಂದ ಹೀಗೇ, ಕೂತಲ್ಲಿ ಕೂರಲಾಗುತ್ತಿಲ್ಲ. ಹುಳುಕು ಹಲ್ಲು ತೋರಿಸಿಕೊಂಡು ಬಂದೆ, ಕೀಮೋ ಶುರುವಾದ ಮೇಲೆ ಹಲ್ಲಿಗೆ ಕೈ ಹಾಕುವ ಹಾಗಿಲ್ಲವಂತೆ. ಮೆತ್ತನೆ ಬ್ರಷ್ ತಂದೆ. ಜ್ವರ ನೋಡುವ ಕಡ್ಡಿ ತಂದೆ. ಮನೆಯಲ್ಲಿ ಆಗಲೇ ಒಂದಿತ್ತು, ಈಗ ಎರಡು. ಕುತ್ತಿಗೆಯ ಕೆಳಗೆ ಚರ್ಮದೊಳಗೆ ಒಂದು ಪುಟ್ಟ ಡಬ್ಬಿ ಕೂರಿಸಿದ್ದಾರೆ, ಔಷಧಿ ಅದರಿಂದಲೇ ಹೋಗುತ್ತದೆ. ಹಾಗಾಗಿ ಮುಂದೆ ಗುಂಡಿ ಇರುವ ಬಟ್ಟೆಗಳನ್ನೆಲ್ಲ ಆರಿಸಿ ಚೀಲಕ್ಕೆ ಹಾಕಿದೆ, ತೆಗೆದೆ, ಮತ್ತೆ ಮಡಿಸಿ ಹಾಕಿದೆ. ಕೂದಲನ್ನೂ ಗಿಡ್ಡ ಮಾಡಿಸಿದೆ. ಉದುರುವುದನ್ನು ಈ ಸಲ ಕಾಯುತ್ತ ಕೂರುವುದಿಲ್ಲ. ನಿನ್ನೆ ಸಂಜೆ ಚಪ್ಪಲಿ ಕಳಚಿದ್ದೇ ಗೊತ್ತಾಗದೆ ಒಂದೇ ಕಾಲಿಗೆ ಹಾಕಿಕೊಂಡು ಅಂಗಡಿಯವರೆಗೆ ಹೋಗಿದ್ದೆ. ಅಂಗಡಿಯವನು ನಕ್ಕ, ನಾನೂ ನಕ್ಕೆ. ವಯಸ್ಸಾಯಿತು ನೋಡು.

ಡಾಕ್ಟರು ತುಂಬಾ ಪ್ರಶ್ನೆ ಕೇಳಿದರು. ಹಸಿವಿದೆಯಾ, ನಿದ್ದೆ ಬರುತ್ತಾ, ಹಿಂದಿನ ಔಷಧಿಯಿಂದ ಕೈಕಾಲಿಗೆ ಜೋಮು ಏನಾದರೂ ಉಳಿದಿದೆಯಾ, ಇದ್ದರೆ ಈ ಸಲ ಔಷಧಿ ಬದಲಿಸಬೇಕು ಎಂದರು. ಏನೂ ಇಲ್ಲ ಡಾಕ್ಟ್ರೇ ಅಂದೆ. ನರ್ಸು ಒಂದು ಫಾರಂ ಕೊಟ್ಟಳು. ಅದರಲ್ಲಿ ಜೊತೆಗೆ ಬರುವವರ ಹೆಸರು ಬರೆಯಲು ಒಂದು ಜಾಗವಿದೆ. ಹೋದ ಸಲ ಪಕ್ಕದ ಮನೆಯ ಟೈಲರಮ್ಮನ ಹೆಸರು ಬರೆದಿದ್ದೆ. ಈ ಸಲ ಕೇಳಿದರೆ ಅವಳು ಕತ್ತರಿ ಕೆಳಗಿಟ್ಟು, ನಾನಂತೂ ಬರಲ್ಲ, ಮಗಳಿಗೆ ಹೇಳು, ಇನ್ನೊಂದ್ಸಲ ಅವಳ ಮುಂದೆ ಕಳ್ಳಿ ಥರ ನಿಲ್ಲೋಕೆ ನನ್ನ ಕೈಲಾಗಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ಫಾರಂ ಟೀವಿಯ ಮೇಲಿದೆ. ಆ ಜಾಗ ಖಾಲಿಯಿದೆ.

ಕಳ್ಳಿ ಅಂದಿದ್ದಕ್ಕೆ ನೆನಪಾಯಿತು. ಇನ್ನೊಂದು ತಪ್ಪೊಪ್ಪಿಗೆ ಬಾಕಿಯಿದೆ.

ನಮ್ಮ ಕಾರಿನಲ್ಲಿ ಎರಡು ಬ್ರೇಕು. ಒಂದು ಕಲಿಯುವವರದು, ಇನ್ನೊಂದು ಪಕ್ಕದಲ್ಲಿ ಕೂತ ನನ್ನ ಕಾಲಡಿಯದು. ನಿನಗೆ ಕಲಿಸುವಾಗ ತಿರುವು ಬಂದರೆ, ಇಳಿಜಾರು ಬಂದರೆ, ನಿನ್ನ ಕಾಲಿಗಿಂತ ಮೊದಲು ನಾನೇ ಮೆಲ್ಲಗೆ ಒತ್ತಿಬಿಡುತ್ತಿದ್ದೆ. ಬೇರೆ ಯಾರಿಗೂ ಹಾಗೆ ಮಾಡಿದವಳಲ್ಲ. ಅವರು ತಪ್ಪು ಮಾಡುವವರೆಗೂ ಕಾದು ಆಮೇಲೆ ಬೈಯುತ್ತಿದ್ದೆ. ನೀನು ಮಾತ್ರ, ಅಮ್ಮಾ ಎಷ್ಟು ಚೆನ್ನಾಗಿ ನಿಲ್ಲಿಸಿದೆ ನೋಡು ಎಂದು ಹಿಗ್ಗುತ್ತಿದ್ದೆ. ನಾನು ಭೇಷ್ ಅನ್ನುತ್ತಿದ್ದೆ. ಲೈಸೆನ್ಸ್ ಪರೀಕ್ಷೆಯ ದಿನ ಆರ್‌ಟಿಓದವರ ಕಾರು, ಪಕ್ಕದಲ್ಲಿ ನಾನಿಲ್ಲ. ನೀನು ದಿಬ್ಬದ ಮೇಲೆ ಹಿಂದಕ್ಕೆ ಉರುಳಿ, ಅಲ್ಲಿಟ್ಟಿದ್ದ ಡ್ರಮ್ಮಿಗೆ ಗುದ್ದಿದೆ. ಆ ಕಾರಿನ ಬ್ರೇಕೇ ಸರಿಯಿಲ್ಲ ಎಂದು ಮನೆಯವರೆಗೂ ನಾನು ಸಮಾಧಾನ ಹೇಳಿದೆ. ಸರಿಯಾಗಿಯೇ ಇತ್ತು, ಮಗಳೇ. ನಿನಗೆ ಬ್ರೇಕು ಒತ್ತಲು ನಾನು ಬಿಟ್ಟಿರಲೇ ಇಲ್ಲ.

ಆಮೇಲೆ ನೀನು ನಿನ್ನ ಊರಿನಲ್ಲಿ ಬೇರೆ ಯಾರ ಹತ್ತಿರವೋ ಕಲಿತು ಲೈಸೆನ್ಸಿನ ಫೋಟೋ ಕಳಿಸಿದೆ. ನಾನು ಅದನ್ನು ಊರಿಗೆಲ್ಲ ತೋರಿಸಿದೆ, ಒಳಗೊಳಗೆ ಉರಿದುಕೊಂಡೆ. ನೀನು ಓಡಿಸುವ ಕಾರಿನಲ್ಲಿ ಇವತ್ತಿನವರೆಗೂ ಕೂತಿಲ್ಲ.

ಕ್ಲಾಸು ನಿಲ್ಲಿಸಿದ್ದೇನೆ. ವಿಶ್ರಾಂತಿ ಬೇಕಲ್ಲ. ಮೂವತ್ತು ವರ್ಷದಲ್ಲಿ ಒಂದು ಗೀರೂ ಬಿದ್ದಿಲ್ಲ ಎಂಬ ಜಂಬ ಹಾಗೇ ಉಳಿಯಲಿ. ಹೋದ ತಿಂಗಳು ಕೂಡ, ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಳು ಕಲಿಯಲು ಬರುತ್ತಿದ್ದಳು, ಶಾಲೆಯ ಗೇಟಿನ ಹತ್ತಿರ ಚೆಂಡಿನ ಹಿಂದೆ ಒಂದು ಮಗು ಓಡಿಬಂತು. ಕಾರು ಒಂದು ಮಾರು ದೂರದಲ್ಲೇ ನಿಂತಿತು. ನಿನ್ನ ಅಮ್ಮನ ಕಾಲು ಇನ್ನೂ ಗಟ್ಟಿಯಿದೆ.

ನೀನು ಗಾಬರಿಯಾಗಬೇಡ. ರಜೆ ಹಾಕುವುದೂ ಬೇಡ, ಹೊಸ ಕೆಲಸ. ಆಸ್ಪತ್ರೆಗೆ ಆಟೋ ಹೇಳಿಕೊಳ್ಳುತ್ತೇನೆ. ಸುಮ್ಮನೆ ತಿಳಿಸಿದೆ ಅಷ್ಟೇ. ಹೊತ್ತಿಗೆ ಸರಿಯಾಗಿ ತಿನ್ನು.

ಕೂತಲ್ಲಿ ಕೂರದ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಲಕೋಟೆ ಅಂಟಿಸಿ ಕೊರಿಯರ್ ಅಂಗಡಿಯವರೆಗೂ ಹೋಗಿ, ವಾಪಸ್ಸು ಬಂದು ಬಿಚ್ಚಿದೆ. ಶಾಲೆಯ ಹತ್ತಿರ ಆ ದಿನ ಕಾರು ನಿಲ್ಲಿಸಿದ್ದು ನಾನಲ್ಲ, ಕಲಿಯಲು ಬಂದವಳು. ನಾನೂ ಒತ್ತಿದೆ ಅಂದುಕೊಂಡಿದ್ದೆ. ಬಗ್ಗಿ ನೋಡಿದರೆ ನನ್ನ ಪಾದ ಬ್ರೇಕಿನ ಮೇಲಿರಲಿಲ್ಲ, ಪಕ್ಕದ ಮ್ಯಾಟಿನ ಮೇಲಿತ್ತು. ಎರಡೂ ಪಾದ ಮರಗಟ್ಟಿ ತಿಂಗಳುಗಳಾಗಿವೆ. ಮಾರನೆಯ ದಿನವೇ ಮೆಕ್ಯಾನಿಕ್ಕಿಗೆ ಹೇಳಿ ನನ್ನ ಕಡೆಯ ಬ್ರೇಕು ಬಿಚ್ಚಿಸಿದೆ. ಇದು ತೆಗೆದ್ರೆ ಕ್ಲಾಸು ಹೇಗೆ ತಗೋತೀರಾ ಟೀಚರಮ್ಮಾ ಎಂದು ಅವನು ಎರಡು ಸಲ ಕೇಳಿದ. ಬಿಚ್ಚಿದ ಆ ಪೆಡಲು ಈಗ ಫಾರಂ ಹಾರಿಹೋಗದ ಹಾಗೆ ಟೀವಿಯ ಮೇಲೆ ಕೂತಿದೆ. ಖಾಲಿ ಜಾಗದಲ್ಲಿ ಈಗಷ್ಟೇ ನಿನ್ನ ಹೆಸರು ಬರೆದೆ. ನನಗೆ ಭಯವಾಗುತ್ತಿದೆ, ಬಾ. ಡಾಕ್ಟರ ಮುಂದೆ ನಾನು ಏನೂ ಇಲ್ಲ ಅನ್ನಲು ಹೊರಟರೆ ಮಧ್ಯೆ ಬಾಯಿ ಹಾಕಿ ಪಾದದ ವಿಷಯ ಹೇಳಿಬಿಡು. ಗುರುವಾರ ಏಳಕ್ಕೆ ಹೊರಡಬೇಕು. ಕಾರಿನ ಕೀ ಬಾಗಿಲ ಹಿಂದಿನ ಮೊಳೆಯಲ್ಲಿದೆ. ನೀನೇ ಓಡಿಸು, ನಾನು ಪಕ್ಕದಲ್ಲಿ ಕೂರುತ್ತೇನೆ.