ಎಡಕ್ಕೆ ಹೊಸೆದ ಎಳೆ

ಗುಗೈ, ಸೇಲಂ
3-12-1936, ಗುರುವಾರ

ನನ್ನ ಪ್ರೀತಿಯ ರಂಗನಾಯಕಿ,

ಮೈ ಹೇಗಿದೆ? ಕಾಲು ಊದಿಕೊಂಡಿದೆ ಎಂದು ಬರೆದಿದ್ದೆಯಲ್ಲ, ಇಳಿಯಿತೇ? ಏರ್ಕಾಡಿನ ಚಳಿಯಲ್ಲಿ ತಣ್ಣೀರು ಮುಟ್ಟಬೇಡ. ಕಾಫಿ ತೋಟದಲ್ಲಿದ್ದೇನೆಂದು ಮೂರು ಹೊತ್ತೂ ಕಾಫಿ ಕುಡಿಯಬೇಡ. ನಿನ್ನ ಗಂಡ ಪೆರುಮಾಳ್ ತೋಟದ ಆಫೀಸಿನಿಂದ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾರೆಯೇ? ಇನ್ನೊಂದು ಮಾತು. ಹೋದ ಸಲದ ಕಾಗದವನ್ನೂ ತಮಿಳಿನಲ್ಲೇ ಬರೆದಿದ್ದೀಯ. ಬೆಂಗಳೂರಿನ ಹೈಸ್ಕೂಲಿನಲ್ಲಿ ನಾನು ಕಲಿತ ಕನ್ನಡವನ್ನು ಮಗ್ಗದ ಪಕ್ಕ ಕೂರಿಸಿಕೊಂಡು ನಿನಗೆ ಕಲಿಸಿದ್ದು ಪೆಟ್ಟಿಗೆಯಲ್ಲಿ ಮಡಚಿಡುವುದಕ್ಕಲ್ಲ. ನನ್ನ ಸಾಲುಗಳು ಓರೆಯಾಗಿ ಕಂಡರೆ ಬರೆಯುವ ಮಣೆ ಅಲುಗಿತು ಎಂದುಕೊ.

ಹೆರಿಗೆಗೆ ಕರೆಯಲು ಅಪ್ಪ ಏಕೆ ಇನ್ನೂ ಬಂದಿಲ್ಲ ಎಂದು ಕೇಳಿದ್ದೀಯ. ಸೀರೆ ಮುಗಿದಿಲ್ಲ. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಮದುವೆ ಸೀರೆ ನೆಯ್ದು ಕತ್ತರಿಸಿದ ಮೇಲೆ ಮಗ್ಗದ ಅಚ್ಚಿನ ಹಲ್ಲುಗಳಲ್ಲಿ ಉಳಿದ ಎಳೆಗಳ ತುದಿಯನ್ನು ಬಿಚ್ಚದೆ, ಸುತ್ತಿ ಜಂತೆಗೆ ತೂಗುಹಾಕುತ್ತೇವೆ. ಅದೇ ಹುಡುಗಿಯ ಚೊಚ್ಚಲ ಹೆರಿಗೆಯ ಸೀರೆಗೆ ಹೊಸ ಹಾಸಿನ ಒಂದೊಂದು ಉದ್ದೆಳೆಯನ್ನೂ ಆ ಹಳೆಯ ತುದಿಗೇ ಹೊಸೆದು ಸೇರಿಸಬೇಕು. ಸೇರಿಸುವವಳು ಮನೆಯ ಹಿರಿಯ ಹೆಂಗಸು. ಆ ಸೀರೆ ಕೈಯಲ್ಲಿ ಹಿಡಿದೇ ಮಗಳನ್ನು ಕರೆಯಲು ಹೋಗಬೇಕು. ನಿನ್ನ ಇಬ್ಬರು ಸೋದರತ್ತೆಯರಿಗೂ ನಾನೇ ಸೇರಿಸಿದ್ದು, ಎರಡೆರಡು ದಿನದಲ್ಲಿ. ನಿನ್ನದು ಏಳನೆಯ ತಿಂಗಳಿಗೆ ಆಗಲಿಲ್ಲ. ಎಂಟರಲ್ಲಿ ಕರೆತರುವ ಹಾಗಿಲ್ಲ. ಈಗ ಒಂಬತ್ತು. ಇನ್ನು ಹನ್ನೆರಡು ದಿನ ಕಳೆದರೆ ಮಾರ್ಗಳಿ ತಿಂಗಳು ಹುಟ್ಟುತ್ತದೆ, ಆಗಲೂ ಕರೆತರುವ ಹಾಗಿಲ್ಲ. ಸೂಲಗಿತ್ತಿ ಇಲ್ಲದ ಆ ಬೆಟ್ಟದಲ್ಲಿ ನೀನು ಒಬ್ಬಳೇ ನೋವು ತಿನ್ನುವುದನ್ನು ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ.

ನಾನು ಎಳೆ ಸೇರಿಸಲು ಕುಳಿತು ಇಪ್ಪತ್ತು ದಿನವಾಯಿತು. ಪಕ್ಕದ ಮನೆ ಗುಂಡಮ್ಮ ಬಾಗಿಲಲ್ಲಿ ನಿಂತು, “ಏನ್ ಮುತ್ಯಾಲಕ್ಕಾ, ಇದು ಮೊಮ್ಮಗ್ಳ ಸೀರೆನಾ, ಮರಿಮಗ್ಳ ಸೀರೆನಾ?” ಎಂದು ಕೇಳಿ ಹೋದಳು. ಗಿರಣಿ ಸೀರೆ ಕೊಂಡು ಮಗಳನ್ನು ಕರೆಯಲು ಹೋದವಳ ಮಾತು ಅದು.

ಮಣೆ ಅಲುಗಲಿಲ್ಲ, ರಂಗಿ. ಆಡಿ ತಿಂಗಳಿಂದಲೂ ನನ್ನ ಕಣ್ಣಿಗೆ ತೆಳ್ಳಗೆ ಗಂಜಿ ಹುಯ್ದ ಹಾಗಿದೆ. ಯಾರಿಗೂ ಹೇಳಿರಲಿಲ್ಲ, ಬೆರಳಿದ್ದರೆ ಸಾಕು ಎಂದುಕೊಂಡಿದ್ದೆ. ಸೋಮವಾರ ಊಟವಾಗಿ ಒರಗಿ ಎದ್ದವಳು, ಬೆಳಿಗ್ಗೆ ಸೇರಿಸಿದ್ದನ್ನು ತಡವಿ ನೋಡಿದೆ. ನಾನು ಎಡಕ್ಕೆ ಹೊಸೆಯುವವಳು, ಅದು ನಮ್ಮಪ್ಪ ಕಲಿಸಿದ ಕೈ. ಈ ಮನೆಯಲ್ಲಿ ಉಳಿದವರೆಲ್ಲ ಬಲಕ್ಕೆ. ಬೆರಳಿಗೆ ಸಿಕ್ಕಿದ್ದೆಲ್ಲ ಬಲಕ್ಕೆ ಹೊಸೆದದ್ದು. ಹಿಂದಿನ ದಿನದ್ದೂ ಹಾಗೇ, ಅದರ ಹಿಂದಿನದ್ದೂ ಹಾಗೇ.

ನಿನ್ನಮ್ಮ ಸೊಣ್ಣಮ್ಮನನ್ನು ಕರೆದು ಕೇಳಿದೆ. ನಾನು ಒರಗಿದಾಗಲೆಲ್ಲ ಅವಳೇ ಬಂದು, ನಾನು ಒಡಲಿನ ಕೆಂಪಿಗೆ ಅಂಚಿನ ಹಸಿರು ಹೊಸೆದಿದ್ದನ್ನು ಬಿಚ್ಚಿ, ಸರಿಮಾಡಿ ಹೋಗುತ್ತಿದ್ದಳಂತೆ. ನಿನ್ನಪ್ಪ ಮಾದಪ್ಪನಿಗೂ ಗೊತ್ತಿತ್ತಂತೆ. ನಾನು ಊಟಕ್ಕೆ ಕುಳಿತಾಗ ಇವತ್ತು ಎಷ್ಟು ಎಳೆ ಆಯಿತಮ್ಮಾ ಎಂದು ಅವನು ದಿನವೂ ಕೇಳುತ್ತಿದ್ದ. ನಾನೂ ಹೆಮ್ಮೆಯಿಂದ ಲೆಕ್ಕ ಹೇಳುತ್ತಿದ್ದೆ.

ಆಮೇಲೆ ನಾನು ಮಾಡಿದ್ದನ್ನು ನಿನಗೆ ಬರೆಯಬಾರದು, ಬರೆಯುತ್ತೇನೆ. ಹೆಚ್ಚುಕಡಿಮೆ ಮುಗಿದೇ ಹೋಗಿದ್ದ ಹಾಸನ್ನು, ಅವಳು ಸೇರಿಸಿದ ಎಳೆಯನ್ನೆಲ್ಲ, ಅವಳ ಕಣ್ಣೆದುರಿಗೇ ಕಿತ್ತುಹಾಕಿದೆ. ಅವಳು ತಡೆಯಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನನಗೆ ಎದುರಾಡದವಳು ಇಷ್ಟೇ ಹೇಳಿದಳು: “ಅತ್ತೆಮ್ಮಾ, ಸೀರೆ ನಿಮ್ದೇ ಆಗ್ಲಿ. ನನ್ ಮಗ್ಳು ಬೆಟ್ಟದ್ ಮ್ಯಾಲವ್ಳೆ. ದಿನ ಓಗ್ತಾ ಐತೆ.” ಹೇಳಿ, ಬಿದ್ದ ನೂಲು ಗುಡಿಸಿ, ನನಗೆ ಮಜ್ಜಿಗೆ ತಂದುಕೊಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಂದಿನಿಂದ ಬೆಳಕಿರುವಷ್ಟು ಹೊತ್ತೂ ಕೂತಿದ್ದೇನೆ. ಎಳೆ ಜಾರದಿರಲೆಂದು ಬೂದಿ ಹಚ್ಚಿದ ಬೆರಳಿಗೆ ಎಳೆ ಸಿಗುತ್ತದೆ, ಅದರ ಬಣ್ಣ ಸಿಗುವುದಿಲ್ಲ. ಮೂರು ದಿನಕ್ಕೆ ನಲವತ್ತು ಎಳೆ. ಉಳಿದದ್ದು ಎರಡು ಸಾವಿರಕ್ಕೂ ಮೇಲೆ. ಮಾಡಲು ಕೈ ಬರುತ್ತಿಲ್ಲ, ಬಿಟ್ಟೆ ಎನ್ನಲು ಬಾಯಿ ಬರುತ್ತಿಲ್ಲ. ಏನು ಮಾಡಲಿ ಎಂದು ಈ ಮನೆಯಲ್ಲಿ ನಾನು ಯಾರನ್ನೂ ಕೇಳಿದವಳಲ್ಲ. ಕೇಳುವುದು ಹೇಗೆ ಎಂದೂ ನನಗೆ ತಿಳಿಯದು.

ಚೌಡೇಶ್ವರಿ ನಿನ್ನ ಮಡಿಲು ತಣ್ಣಗಿಟ್ಟಿರಲಿ. ಪೆರುಮಾಳ್ ಅವರಿಗೆ ನನ್ನ ಆಶೀರ್ವಾದ ಹೇಳು. ಎಡ ಮಗ್ಗುಲಿಗೆ ತಿರುಗಿ ಮಲಗು.

ನಿನ್ನ ಅಜ್ಜಿ,
ಮುತ್ಯಾಲಮ್ಮ

ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ, ಟಪಾಲಿಗೆ ಹೊತ್ತಾಯಿತು. ಸೊಣ್ಣಮ್ಮನನ್ನು ಕರೆದು ಮಗ್ಗದ ಮುಂದೆ ಕೂರಿಸಿದೆ. ಬಲಕ್ಕೇ ಹೊಸೆಯುತ್ತಿದ್ದಾಳೆ. ಬೂದಿಯ ಬಟ್ಟಲು ಹಿಡಿದುಕೊಂಡು ನಾನು ಪಕ್ಕದಲ್ಲಿದ್ದೇನೆ. ಹದಿಮೂರನೆಯ ತಾರೀಖು ಭಾನುವಾರ ಬೆಳಗಿನ ಬಸ್ಸಿಗೆ ನಿನ್ನಪ್ಪ ಬರುತ್ತಾನೆ. ಅವನ ಕೈಯಲ್ಲಿ ಸೀರೆ ಇರಲಿ, ಇಲ್ಲದಿರಲಿ, ನೀನು ಹೊರಟು ಬಾ. ಮಗು ಯಾರ ಹಾಗಿದೆ ಎಂದು ಬೇರೆಯವರು ನನಗೆ ಹೇಳುವಂತಾಗಬಾರದು.