ಅಡ್ವರ್ಸ್ ಅಂದರೆ ಏನು, ದೊಡ್ಡಪ್ಪಾ?

ಮಂಗಳವಾರ, ಮಧ್ಯಾಹ್ನ

ನನ್ನ ಮುದ್ದು ಪುಟ್ಟಿಗೆ, ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕಣ್ಣಿನ ನೆಪ ಹೇಳೋಣವೆಂದಿದ್ದೆ. ಕಣ್ಣು ಚೆನ್ನಾಗಿಯೇ ಇದೆ ಕಣಮ್ಮ, ಬರೆಯಲು ಕೈ ಬರಲಿಲ್ಲ.

ಅಳಿಯಂದಿರ ಹಡಗಿನ ಸುದ್ದಿ ನಿಂತುಹೋಗಿದೆ ಎಂದು ಕಂಪನಿಯವರು ಬರೆದಾಗ, ನೀನು ಫೋನಿನಲ್ಲಿ ಅದನ್ನು ಓದಿ ಹೇಳಿ, ಅದರಲ್ಲಿದ್ದ ‘ಅಡ್ವರ್ಸ್’ ಅಂದರೆ ಏನೆಂದು ಕೇಳಿದ್ದೆ. ಸ್ವಲ್ಪ ಅನುಕೂಲವಿಲ್ಲ ಅಂತ ಅಷ್ಟೇ, ಗಾಳಿ ತಿರುಗಿದರೆ ಸರಿಹೋಗುತ್ತೆ ಅಂತ ನಾನು ಅಂದುಬಿಟ್ಟೆ. ಅದನ್ನೇ ನಂಬಿ ನೀನು ಹೊಲಿಗೆ ಕೆಲಸ ಬಿಟ್ಟು ದಿನಾ ಬಂದರಿನ ಕಚೇರಿ ಮುಂದೆ ನಿಲ್ಲುತ್ತೀಯಂತೆ. ಮಗುವಿಗೂ ಅಪ್ಪ ಬರುವ ವಾರ ಹೇಳಿದ್ದೀಯಂತೆ. ಇನ್ನು ನಾನು ಸುಮ್ಮನಿರಬಾರದು.

ಪ್ರತಿಕೂಲ ಅಂತ ಅದರ ಅರ್ಥ. ಮನೆಯೊಳಗೆ ಆಡುವ ಮಾತಲ್ಲ. ಹಾಲು ಉಕ್ಕಿಹೋದರೆ ಯಾರೂ ಅಡ್ವರ್ಸ್ ಅನ್ನುವುದಿಲ್ಲ. ಹವಾಮಾನಕ್ಕೆ, ಕೋರ್ಟಿನ ತೀರ್ಪಿಗೆ, ಮದ್ದು ಮೈಗೆ ಹಿಡಿಸದ್ದಕ್ಕೆ ಹಚ್ಚುತ್ತಾರೆ. ಕೋಟು ತೊಟ್ಟ ಮಾತು. ಕೆಟ್ಟದ್ದಾಗಿದೆ, ಆದರೆ ಇಂಥವರಿಂದ ಆಯಿತೆಂದು ಬಾಯಿ ಬಿಡಬಾರದು ಅನ್ನುವವರಿಗೆ ಬಲು ಅನುಕೂಲ.

ನನಗೆ ಇದನ್ನು ಯಾವ ಮೇಷ್ಟರೂ ಕಲಿಸಲಿಲ್ಲ. ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುತ್ತಾ ಕಲಿತೆ. ಹಿಂದುಮುಂದಾದ ಅಕ್ಷರದಲ್ಲಿ ಕಲಿತದ್ದಕ್ಕೇ ನಿಮ್ಮ ಇಂಗ್ಲಿಷು ನೆಟ್ಟಗಿಲ್ಲ ಎಂದು ನಿನ್ನ ದೊಡ್ಡಮ್ಮ ರೇಗಿಸುತ್ತಿದ್ದಳು. ಕೆಲಸ ಮುಗಿದ ಮೇಲೆ ಮೊಳೆಗಳನ್ನು ಬಿಚ್ಚಿ ಆಯಾ ಗೂಡಿಗೆ ಹಾಕುವುದು ನಮ್ಮ ಪದ್ಧತಿ. ಒಂದು ಕಾಗದದ ಮೊಳೆಗಳನ್ನು ಮಾತ್ರ ಬಿಚ್ಚುತ್ತಿರಲಿಲ್ಲ. ದಾರ ಬಿಗಿದು ಕಪಾಟಿನಲ್ಲಿ ಇಡುತ್ತಿದ್ದೆವು. ಬಿಚ್ಚಬೇಡಯ್ಯಾ, ಹೇಗಿದ್ದರೂ ಇನ್ನೊಂದು ಸಲ ಕೇಳ್ತಾರೆ ಎಂದು ಯಜಮಾನರು ನಗುತ್ತಿದ್ದರು. ಅದು ನಿನಗೆ ಬಂದ ಕಾಗದವೇ, ಪುಟ್ಟಿ. ಅದೇ ಕಂಪನಿ, ಅದೇ ಸಾಲುಗಳು. ಹೆಸರು, ಹಡಗು, ತಾರೀಖು ಮಾತ್ರ ಬೇರೆ.

ಒಂಬತ್ತು ಸಲ ನಾನೇ ಹೆಸರು ಬದಲಿಸಿದ್ದೇನೆ. ತಿಂಗಳು ಕಳೆಯುವುದರೊಳಗೆ ಅದೇ ಒಂಬತ್ತು ಹೆಸರಿನ ಸಂತಾಪದ ಕಾರ್ಡೂ ನಮ್ಮಲ್ಲೇ ಅಚ್ಚಾಯಿತು. ಒಂದು ಹೆಸರಾದರೂ ಆ ಕಾರ್ಡಿನಿಂದ ತಪ್ಪಿಸಿಕೊಂಡಿತ್ತು ಎಂದು ನಿನಗೆ ಬರೆಯಲು ಎಷ್ಟು ನೆನಪು ಕೆದಕಿದರೂ ಸಿಗಲಿಲ್ಲ.

ಕಚೇರಿ ಮುಂದೆ ನಿಲ್ಲಬೇಡ, ತಾಯಿ. ಹೊಲಿಗೆ ಅಂಗಡಿಯವರು ನಿನ್ನ ಮಿಷನ್ನಿಗೆ ಬೇರೆಯವರನ್ನು ಕೂರಿಸುವ ಮುಂಚೆ ಹೋಗಿ ಕೂತುಕೋ. ಮಗುವಿಗೆ ವಾರದ ಹೆಸರು ಹೇಳಬೇಡ. ಸಮಾಧಾನ ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಇಂತಿ,
ನಿನ್ನ ದೊಡ್ಡಪ್ಪ

ಮರೆತ ಮಾತಲ್ಲ, ಮೇಲೆ ಬರೆಯಲಾರದೆ ಉಳಿಸಿದ್ದು: ಆ ಕಂಪನಿಯ ಮ್ಯಾನೇಜರಿಗೆ ಅಳಿಯಂದಿರ ಹೆಸರು ಹೇಳಿ ಕೆಲಸ ಕೊಡಿಸಿದ್ದು ನಾನು. ತಾನೇ ಹುಡುಕಿಕೊಂಡೆ ಅಂತ ಅವರು ನಿನಗೆ ಹೇಳಿದ್ದು ನನ್ನ ಮಾತು ಕೇಳಿ. ಅಷ್ಟು ಹೊತ್ತಿಗೆ ಒಂಬತ್ತೂ ಕಾಗದ ಜೋಡಿಸಿ ಆಗಿತ್ತು.